ಮೂವತ್ತೆರಡು ಗುಂಡುಗಳ ತಂತಿ: ಸಿಮ್ಯುಲೇಷನ್ ರಸಿಕರಿಗೊಂದು ಕೈಪಿಡಿ

ವಿಮಾನದ ರೆಕ್ಕೆಯ ಸುತ್ತ ಕೆಂಪು, ಹಳದಿ, ನೀಲಿ ಗೆರೆಗಳಾಗಿ ಗಾಳಿ ಹರಿಯುವ ಚಿತ್ರವನ್ನು ನೀವು ನೋಡಿರುತ್ತೀರಿ. ಬಹಳ ಜನಕ್ಕೆ ಕಂಪ್ಯೂಟರ್ ಸಿಮ್ಯುಲೇಷನ್ ಎಂದರೆ ಅಷ್ಟೇ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಈ ವಿದ್ಯೆಯ ರುಚಿ ಹತ್ತಬೇಕಾದರೆ ಮೊದಲು ಬಣ್ಣದಿಂದ ಕಣ್ಣು ತೆಗೆಯಿರಿ. ಬಣ್ಣ ಬಳಿದದ್ದು ಕಟ್ಟಕಡೆಗೆ. ಅದಕ್ಕೂ ಬಹಳ ಮುಂಚೆ ಯಾರೋ ಕೂತು, ಲೋಕದ ಯಾವ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸಿರುತ್ತಾರೆ. ಗಣಿತ ಮಾದರಿಯ ಸೊಗಸೆಲ್ಲ ಆ ತೀರ್ಮಾನದಲ್ಲಿದೆ.

ಹೊಸಬರು ಮೊದಲು ಸವಿಯಬೇಕಾದ ಕೃತಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ. 1953ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಎನ್ರಿಕೊ ಫರ್ಮಿ, ಜಾನ್ ಪಾಸ್ತಾ ಮತ್ತು ಸ್ಟಾನಿಸ್ಲಾವ್ ಉಲಾಮ್ ಕೈಗೆತ್ತಿಕೊಂಡ ಲೆಕ್ಕ. ಅದರಲ್ಲಿ ಒಂದೂ ಬಣ್ಣದ ಚಿತ್ರವಿಲ್ಲ. ಇರುವುದು ಒಂದು ತಂತಿ.

ತಂತಿ ಎಂದರೂ ಅದರಲ್ಲಿ ಉಳಿಸಿಕೊಂಡದ್ದು ಬಹಳ ಕಡಿಮೆ. ದಪ್ಪ ಬೇಡ, ಗಾಳಿಯ ತಡೆ ಬೇಡ, ಸವೆತ ಬೇಡ. ಸಾಲಾಗಿ 32 ಸಣ್ಣ ಗುಂಡುಗಳು, ಅಕ್ಕಪಕ್ಕದವನ್ನು ಜೋಡಿಸುವ ಸ್ಪ್ರಿಂಗುಗಳು, ಎರಡು ತುದಿಯಲ್ಲಿ ಮೊಳೆ. ಇಷ್ಟೆಲ್ಲ ತೆಗೆದುಹಾಕಿದವರು ಒಂದೇ ಒಂದು ಕೊಂಕನ್ನು ಮಾತ್ರ ಬೇಕೆಂದೇ ಇಟ್ಟುಕೊಂಡರು: ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೋ ಸರಿಯಾಗಿ ಅಷ್ಟಕ್ಕೇ ತಕ್ಕಂತೆ ಎಳೆಯುವುದಿಲ್ಲ. ಹಿಗ್ಗಿನ ವರ್ಗಕ್ಕೆ ಅನುಗುಣವಾಗಿ ಒಂದು ಚೂರು ಬಲ ಅದಕ್ಕೆ ಸೇರುತ್ತದೆ.

ಆ ಚೂರಿನ ಮಹಿಮೆ ತಿಳಿಯಲು ವೀಣೆಯ ತಂತಿ ನೆನೆಯಿರಿ. ಇಡೀ ತಂತಿ ಒಂದೇ ಬಾಗಿನಲ್ಲಿ ಆಡುವುದು ಮೊದಲ ಕಂಪನ. ನಡುವೆ ಒಂದು ಬಿಂದು ಅಲುಗದೆ ನಿಂತು, ಎರಡು ಅರ್ಧಗಳು ಎದುರುಬದುರಾಗಿ ಆಡುವುದು ಎರಡನೆಯದು. ಹೀಗೇ ಮುಂದಕ್ಕೆ. ಸ್ಪ್ರಿಂಗ್ ನೇರ ನಿಯಮ ಪಾಲಿಸುವುದಾದರೆ ಈ ಕಂಪನಗಳಿಗೆ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಮೊದಲನೆಯದಕ್ಕೆ ಕೊಟ್ಟ ಶಕ್ತಿ ಎಂದೆಂದಿಗೂ ಅದರಲ್ಲೇ ಇರುತ್ತದೆ. ಆ ಕೊಂಕು ಸೇರಿದ ಕೂಡಲೇ ಕೊಡುಕೊಳ್ಳುವಿಕೆ ಶುರುವಾಗುತ್ತದೆ. ಹಾಗಾದರೆ ಕಾಲ ಕಳೆದಂತೆ ಶಕ್ತಿ ಎಲ್ಲ ಕಂಪನಗಳಿಗೂ ಸಮವಾಗಿ ಹಂಚಿಹೋಗಬೇಕು, ಬಿಸಿ ವಸ್ತುವಿನಲ್ಲಿ ಆಗುವುದೇ ಇಲ್ಲೂ ಆಗಬೇಕು ಎಂದು ಫರ್ಮಿ ಎಣಿಸಿದ್ದರು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದೇ ಲೆಕ್ಕದ ಉದ್ದೇಶವಾಗಿತ್ತು.

ಮೇನಿಯಾಕ್ ಎಂಬ ಯಂತ್ರದಲ್ಲಿ ಲೆಕ್ಕ ಓಡಿತು. ಶಕ್ತಿ ಎರಡನೆಯ ಕಂಪನಕ್ಕೆ ಹರಿಯಿತು, ಮೂರನೆಯದಕ್ಕೆ ಹರಿಯಿತು, ನಾಲ್ಕಕ್ಕೂ ಐದಕ್ಕೂ ಒಂದಿಷ್ಟು ಸಿಕ್ಕಿತು. ಅಲ್ಲಿಂದ ಮೇಲಕ್ಕೆ ಹೋದದ್ದು ನಗಣ್ಯ. ಇನ್ನೂ ಓಡಿಸಿದರೆ ಶಕ್ತಿ ಹಿಂದಿರುಗತೊಡಗಿತು. ಕೊನೆಗೆ ಎರಡು ಮೂರು ಶೇಕಡಾ ಬಿಟ್ಟು ಉಳಿದದ್ದೆಲ್ಲ ಮೊದಲ ಕಂಪನಕ್ಕೇ ಬಂದು ಸೇರಿತು.

ಇಲ್ಲಿ ಸ್ವಲ್ಪ ನಿಲ್ಲಿ. ಸಮೀಕರಣ ಬರೆದವರು ಅವರೇ, ಯಂತ್ರ ಮಾಡಿದ್ದು ಕೂಡಿಸಿ ಕಳೆಯುವ ಕೆಲಸ. ಆದರೂ ಬರೆದವರಿಗೇ ತಿಳಿಯದ ಸಂಗತಿ ಆ ಸಮೀಕರಣದ ಒಳಗಿತ್ತು. ಗೊತ್ತಿದ್ದುದನ್ನೇ ಅಂದವಾಗಿ ತೋರಿಸುವ ಸಿಮ್ಯುಲೇಷನ್ ಬೇಕಾದಷ್ಟು ಸಿಗುತ್ತವೆ. ಕಟ್ಟಿದವರನ್ನೇ ತಿದ್ದುವಂಥದು ಅಪರೂಪ, ಮತ್ತು ನನ್ನ ಮಟ್ಟಿಗೆ ಈ ವಿದ್ಯೆಯ ಪರಮ ರಸ ಅದೇ.

ಫರ್ಮಿ 1954ರ ನವೆಂಬರಿನಲ್ಲಿ ತೀರಿಕೊಂಡರು. ವರದಿ ಹೊರಬಂದದ್ದು 1955ರಲ್ಲಿ. ಯಂತ್ರಕ್ಕೆ ಅರ್ಥವಾಗುವಂತೆ ಲೆಕ್ಕವನ್ನು ಬರೆದು ಓಡಿಸಿದ ಮೇರಿ ಸಿಂಗೂ ಅವರಿಗೆ ಅದರಲ್ಲಿ ಸಿಕ್ಕಿದ್ದು ಒಂದು ಕೃತಜ್ಞತೆಯ ಸಾಲು. ಸಂಕೇತ ಬರೆಯುವುದು ಮಾದರಿ ಕಟ್ಟುವ ಕೆಲಸದ ಭಾಗವೇ ಹೊರತು ಗುಮಾಸ್ತಿಕೆಯಲ್ಲ. 2008ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ತಿಯೆರಿ ಡೊಕ್ಸ್ವಾ ಇದನ್ನು ಎತ್ತಿ ಬರೆದ ಮೇಲೆ ಈ ಸಮಸ್ಯೆಯ ಹೆಸರಿಗೆ ಆಕೆಯ ಹೆಸರನ್ನೂ ಸೇರಿಸುವ ರೂಢಿ ಬಂದಿದೆ. ತಡವಾದರೂ ಆಗಬೇಕಾದದ್ದೇ ಆಯಿತು.

ಶಕ್ತಿ ಏಕೆ ಮರಳಿತು? 1965ರಲ್ಲಿ ನಾರ್ಮನ್ ಝಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್ ಅದೇ ತಂತಿಯನ್ನು ಇನ್ನಷ್ಟು ನಯಮಾಡಿದರು. ಗುಂಡುಗಳ ಸಾಲು ಅಖಂಡ ಎಂದು ಭಾವಿಸಿದಾಗ ಅವರಿಗೆ ಎದುರಾದದ್ದು ಆಳವಿಲ್ಲದ ನೀರಿನ ಅಲೆಗಳಿಗೆಂದು 1895ರಲ್ಲೇ ಬರೆದಿದ್ದ ಸಮೀಕರಣ. ಅದರಲ್ಲಿ ಅಲೆ ಒಡೆದು ಹಲವು ಏಕಾಂಗಿ ದಿಬ್ಬಗಳಾಗುತ್ತದೆ. ಅವು ಒಂದನ್ನೊಂದು ಹಾದುಹೋದರೂ ಆಕಾರ ಕೆಡುವುದಿಲ್ಲ. ಒಂದು ಹೊತ್ತಿಗೆ ಎಲ್ಲವೂ ಮತ್ತೆ ಹೊಂದಿಕೊಂಡು ಮೊದಲಿನ ರೂಪವನ್ನು ಹೆಚ್ಚುಕಡಿಮೆ ಮರಳಿ ಕಟ್ಟುತ್ತವೆ. ಅಂಥ ದಿಬ್ಬಕ್ಕೆ ಅವರು ಸೊಲಿಟಾನ್ ಎಂದು ಹೆಸರಿಟ್ಟರು. 1834ರಲ್ಲಿ ಎಡಿನ್‌ಬರೊ ಬಳಿಯ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಕುದುರೆ ಏರಿ ಬೆನ್ನಟ್ಟಿದ್ದು ಇಂಥದೇ ಒಂದು ಅಲೆಯನ್ನು.

ಎಂಜಿನಿಯರಿಂಗಿಗೆ ಬಂದರೆ ನೋಡುವ ಕಣ್ಣು ಬೇರೆಯಾಗಬೇಕು. ಅಲ್ಲಿ ಬೆರಗಿಗಿಂತ ಭರವಸೆ ದೊಡ್ಡದು. 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಬಳಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡವನ್ನು ನೀರಿಗಿಳಿಸಿ ಪರೀಕ್ಷಿಸುತ್ತಿದ್ದಾಗ ಗೋಡೆ ಬಿರಿದು ಇಡೀ ರಚನೆ ಮುಳುಗಿತು. ಯಾರೂ ಸಾಯಲಿಲ್ಲ. ಲೆಕ್ಕಕ್ಕಾಗಿ ರಚನೆಯನ್ನು ತುಂಡು ತುಂಡಾಗಿ ಭಾಗಿಸುವಾಗ, ಗೋಡೆಗಳು ಸೇರುವ ಮೂಲೆಯಲ್ಲಿ ತುಂಡುಗಳು ತೀರಾ ಒರಟಾಗಿದ್ದವು. ಕತ್ತರಿಸುವ ಒತ್ತಡ ಇರಬೇಕಾದ್ದಕ್ಕಿಂತ 47 ಶೇಕಡಾ ಕಡಿಮೆ ಬಂದಿತ್ತು, ಗೋಡೆಗೆ ಸಾಕಷ್ಟು ಬಲ ಕೊಟ್ಟಿರಲಿಲ್ಲ. ಆಮೇಲೆ ಅದೇ ವಿಧಾನವನ್ನು ಸಣ್ಣ ತುಂಡುಗಳಲ್ಲಿ ಎಚ್ಚರದಿಂದ ಮಾಡಿದಾಗ 62 ಮೀಟರ್ ಆಳದಲ್ಲಿ ಬಿರಿಯುತ್ತದೆ ಎಂದು ಬಂತು. ನಿಜವಾಗಿ ಬಿರಿದದ್ದು 65 ಮೀಟರಿನಲ್ಲಿ. ಆದ್ದರಿಂದ ಯಾವುದೇ ಎಂಜಿನಿಯರಿಂಗ್ ಸಿಮ್ಯುಲೇಷನ್ ಕಂಡರೂ ಕೇಳಿ: ತುಂಡುಗಳನ್ನು ಅರ್ಧಕ್ಕಿಳಿಸಿದಾಗ ಉತ್ತರ ಬದಲಾಯಿತೇ? ಅಳತೆಯೊಂದಿಗೆ ಹೋಲಿಸಿದ್ದಾರೆಯೇ? ಇವೆರಡಕ್ಕೂ ಜಾಗ ಕೊಟ್ಟ ಪ್ರಬಂಧವನ್ನು ಗೌರವದಿಂದ ಓದಿ.

ಯಂತ್ರದ ಗಾತ್ರಕ್ಕೆ ಮರುಳಾಗಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು, ಹವಾಮಾನದಂಥ ಪ್ರಶ್ನೆಗಳಿಗೆ ಅಷ್ಟು ಬೇಕು ಕೂಡ. ಆದರೆ ಫರ್ಮಿಯವರ ತಂತಿಗೆ ನಿಮ್ಮ ಮನೆಯ ಲ್ಯಾಪ್‌ಟಾಪ್ ಧಾರಾಳ ಸಾಕು. ಪೈಥಾನ್ ಬಲ್ಲ ಕಾಲೇಜು ಹುಡುಗ ಹುಡುಗಿಯರು ಒಂದು ಸಂಜೆಯಲ್ಲಿ ಬರೆಯಬಹುದು. 32 ಗುಂಡು, ವರ್ಗದ ಪದಕ್ಕೆ 0.25 ಗುಣಕ, ಮೊದಲ ಕಂಪನದಿಂದ ಆರಂಭ. ಓಡಿಸುವಾಗ ಒಟ್ಟು ಶಕ್ತಿಯ ಮೇಲೆ ಕಣ್ಣಿರಲಿ. ಅದು ಬದಲಾಗುತ್ತ ಹೋದರೆ ನಿಮ್ಮ ಕಾಲದ ಹೆಜ್ಜೆ ದೊಡ್ಡದಾಯಿತು ಎಂದರ್ಥ. ಶಕ್ತಿ ಮರಳುವುದನ್ನು ಕಣ್ಣಾರೆ ಕಂಡ ಮೇಲೆ ವರ್ಗದ ಬದಲು ಘನ ಹಾಕಿ, ತಂತಿಯನ್ನು ಹೆಚ್ಚು ಹೆಚ್ಚು ಜೋರಾಗಿ ಮೀಟುತ್ತ ಹೋಗಿ. ಒಂದು ಮಿತಿ ದಾಟಿದ ಮೇಲೆ ಆ ಮರಳುವಿಕೆ ನಿಲ್ಲುತ್ತದೆ, ಶಕ್ತಿ ಎಲ್ಲ ಕಂಪನಗಳಿಗೂ ಹರಡುತ್ತದೆ: ಫರ್ಮಿ ಎಣಿಸಿದ್ದು ಅಲ್ಲಿ ನಿಜವಾಗುತ್ತದೆ.