ಗಾಳಿಯ ವಿದ್ಯುತ್ತು: ಭವಿಷ್ಯವೋ ಅನುಮಾನವೋ?

ಗಣಕ ಕಾರ್ಯಾಲಯಗಳ ನೆಲೆಯಾದ ಬೆಳ್ಳಂದೂರಿನ ಕಡೆ, ಕೃತಕ ಬುದ್ಧಿಮತ್ತೆಯು ಗಾಳಿವಿದ್ಯುತ್ತಿನ ‘ಭವಿಷ್ಯವನ್ನು ನುಡಿಯುವುದು’ ಎಂಬಂಥ ಮಾತು ಅಪರೂಪವಲ್ಲ. ಈ ಪದಪ್ರಯೋಗವು ಪರೀಕ್ಷಾರ್ಹವಾದುದು. ಯಂತ್ರದ್ದು ಕಾಲಜ್ಞಾನವಲ್ಲ, ಚಿತ್ರದುರ್ಗದ ಬೆಟ್ಟಗಳಂತಹ ಎಡೆಗಳಲ್ಲಿ ಹಿಂದೆ ಬೀಸಿದ ಗಾಳಿಗೂ ಆಗ ಹುಟ್ಟಿದ ವಿದ್ಯುತ್ತಿಗೂ ಇರುವ ಸಂಬಂಧವನ್ನು ಅಳತೆಗಳಿಂದ ಕಲಿತು, ನಾಳಿನ ಹವಾಮಾನದ ಲೆಕ್ಕಕ್ಕೆ ಅನ್ವಯಿಸುವುದಷ್ಟೆ ಅದರ ಕೆಲಸ. ಮೇಘೋನ್ನತಿಯಿಂದ ವೃಷ್ಟಿಯನ್ನು ಊಹಿಸುವುದನ್ನು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ‘ಪೂರ್ವವತ್’ ಎಂಬ ಅನುಮಾನಕ್ಕೆ ಉದಾಹರಿಸಿರುವನು. ಇದೂ ಆ ಜಾತಿಯದೇ.

ಆದರೆ ಅನುಮಾನಕ್ಕೆ ವ್ಯಾಪ್ತಿಯು ದೃಢವಾಗಿರಬೇಕು. ಇಲ್ಲಿ ಅದು ಸಡಿಲ. ಗಾಳಿಯ ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದರಿಂದ, ವೇಗದ ಎಣಿಕೆಯು ಶೇಕಡಾ 10ರಷ್ಟು ಹೆಚ್ಚಿದರೆ ಶಕ್ತಿಯ ಎಣಿಕೆಯು ಸುಮಾರು ಶೇಕಡಾ 33ರಷ್ಟು ಹೆಚ್ಚುವುದು. ಆ ಕೊರತೆಯನ್ನು ಜಲ ಮತ್ತು ಶಾಖ ವಿದ್ಯುತ್ಕೇಂದ್ರಗಳು ಒಡನೆಯೇ ತುಂಬಬೇಕಾಗುವುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಗಳು ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ಎಣಿಸಿ, ಶೇಕಡಾ 15ರವರೆಗಿನ ವ್ಯತ್ಯಾಸವನ್ನು ಮನ್ನಿಸಿ, ಮೀರಿದುದಕ್ಕೆ ಶುಲ್ಕವನ್ನು ವಿಧಿಸಿದುವು. ಸ್ಖಲನವುಂಟೆಂದು ನಿಯಮವೇ ಒಪ್ಪಿರುವಾಗ, ಅದನ್ನು ಮರೆಮಾಡುವ ‘ಭವಿಷ್ಯ’ವೆಂಬ ಹೆಸರೇಕೆ?

‘ಪೂರ್ವಾನುಮಾನ’ವೆಂಬುದೇ ಯುಕ್ತವಾದ ಸಂಜ್ಞೆ. ಹೆಸರು ಬದಲಾದರೆ ಹೊಣೆಯೂ ಬದಲಾಗುವುದು: ಭವಿಷ್ಯ ನುಡಿಯುವವನು ಒಂದೇ ಸಂಖ್ಯೆಯನ್ನು ಹೇಳಿ ಸುಮ್ಮನಾಗಬಹುದು, ಅನುಮಾನ ಮಾಡುವವನು ಹೇತುವನ್ನೂ ಸ್ಖಲನದ ಮೇರೆಯನ್ನೂ ಕೂಡಿಯೇ ಹೇಳತಕ್ಕದ್ದು. ಆ ಮೇರೆಯನ್ನು ಹೇಳದ ಎಣಿಕೆಯು, ಎಷ್ಟು ದೊಡ್ಡ ಯಂತ್ರದಿಂದ ಬಂದಿದ್ದರೂ, ಪ್ರಮಾಣವೆನಿಸಲಾರದು.