ಪ್ರೌಢಶಾಲೆಯ ಸಮಾಜವಿಜ್ಞಾನದಲ್ಲಿ ಶರಣರ ಪಾಠ: ಒಂದು ವಿಮರ್ಶೆ

ಶರಣರ ಚರಿತ್ರೆಯನ್ನು ಕುರಿತ ವಿದ್ವತ್ ಗ್ರಂಥಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆದರೆ ನಾಡಿನ ಬಹುಸಂಖ್ಯೆಯ ಜನರು ಆ ಗ್ರಂಥಗಳನ್ನು ಓದಿ ಬಸವಣ್ಣನವರನ್ನು ಅರಿತವರಲ್ಲ. ಒಂಬತ್ತನೆಯ ತರಗತಿಯ ಸಮಾಜವಿಜ್ಞಾನದ ಪುಸ್ತಕದಲ್ಲಿ ಓದಿದ ಕೆಲವು ಪುಟಗಳೇ ಅವರ ಪಾಲಿನ ಶರಣಚರಿತ್ರೆ. ಮುಂದೆ ವಿಜ್ಞಾನ, ವಾಣಿಜ್ಯ, ತಾಂತ್ರಿಕ ಶಿಕ್ಷಣಗಳತ್ತ ಸಾಗುವ ವಿದ್ಯಾರ್ಥಿಗೆ ಚರಿತ್ರೆಯ ಪುಸ್ತಕವನ್ನು ಮತ್ತೆ ತೆರೆಯುವ ಪ್ರಸಂಗವೇ ಬರುವುದಿಲ್ಲ. ಆದಕಾರಣ ಆ ಕೆಲವು ಪುಟಗಳನ್ನು ಸಂಶೋಧನ ಗ್ರಂಥವೊಂದನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಾದುದು ಅವಶ್ಯಕ. ಅಂತಹ ಪರೀಕ್ಷೆ ನಡೆದದ್ದು ವಿರಳ. 2022ರಲ್ಲಿ ಅದು ನಡೆಯಿತಾದರೂ ಒಂದೆರಡು ವಾಕ್ಯಗಳ ಸುತ್ತ ಸುತ್ತಿ ಅಲ್ಲಿಗೇ ನಿಂತಿತು.

ಆ ವರ್ಷದ ಪ್ರಸಂಗ ವಾಚಕರಿಗೆ ನೆನಪಿರಬಹುದು. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಿದ್ಧವಾಗಿದ್ದ ಪಠ್ಯಗಳನ್ನು ರೋಹಿತ್ ಚಕ್ರತೀರ್ಥರ ಸಮಿತಿಯು ಪರಿಷ್ಕರಿಸಿತು. ಪರಿಷ್ಕೃತ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ, ಬಸವಣ್ಣನವರು ಉಪನಯನವಾದ ಮೇಲೆ ಕೂಡಲಸಂಗಮಕ್ಕೆ ತೆರಳಿ ಅಲ್ಲಿ ಶೈವ ಗುರುಗಳ ಬಳಿ ಲಿಂಗದೀಕ್ಷೆ ಪಡೆದರೆಂಬ ಅರ್ಥದ ಮಾತುಗಳು ಬಂದವು. ಇದೇ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಿಗೆ ಪತ್ರ ಬರೆದು ಆಕ್ಷೇಪಿಸಿದರು. ನಾಡಿನ ಅನೇಕ ಮಠಾಧೀಶರೂ ವಿದ್ವಾಂಸರೂ ದನಿಗೂಡಿಸಿದರು. ಜೂನ್ ತಿಂಗಳಲ್ಲಿ ಸಮಿತಿಯು ವಿಸರ್ಜನೆಗೊಂಡಿತು. ಪಾಠವನ್ನು ತಿದ್ದಲು ಸರಕಾರವು ಒಪ್ಪಿತು.

ಆಕ್ಷೇಪವು ನ್ಯಾಯವಾದುದು. ಬಸವಣ್ಣನವರ ಬಾಳಿನಲ್ಲಿ ಉಪನಯನವನ್ನು ಹೇಳಿ ಅದರ ತ್ಯಾಗವನ್ನು ಹೇಳದಿರುವುದೆಂದರೆ ಕಥೆಯ ಬೆನ್ನೆಲುಬನ್ನೇ ತೆಗೆದಂತೆ. ಆದರೆ ತಿದ್ದುಪಡಿಯಿಂದ ದೋಷವು ಪೂರ್ಣ ಪರಿಹಾರವಾಯಿತೇ ಎಂಬ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಅದಕ್ಕೆ ಉತ್ತರ ಬೇಕಾದರೆ ಮೂಲ ಆಕರಗಳು ಏನು ಹೇಳುತ್ತವೆಂಬುದನ್ನು ನೋಡಬೇಕು.

ಬಸವಣ್ಣನವರ ಬಾಲ್ಯವನ್ನು ನಿರೂಪಿಸುವ ಕನ್ನಡದ ಅತ್ಯಂತ ಹಳೆಯ ಕಾವ್ಯ ಹರಿಹರನ ಬಸವರಾಜದೇವರ ರಗಳೆ. ಕವಿಯು ಶರಣರ ಕಾಲಕ್ಕೆ ತೀರ ಸಮೀಪದವನು. ಅವನ ಪ್ರಕಾರ ಬಾಲಕ ಬಸವನು ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆಯುತ್ತಾನೆ. ಜನಿವಾರವು ಅವನ ಮೈಮೇಲೆ ಇದ್ದೇ ಇತ್ತು. ಶಿವಭಕ್ತಿಗೂ ಕರ್ಮಕ್ಕೂ ಹೊಂದಿಕೆಯಾಗದೆಂದು ಕಂಡ ಮೇಲೆ ಪ್ರಾಯಕ್ಕೆ ಬಂದ ಬಸವನು ಅದನ್ನು ತಾನೇ ಕಿತ್ತೆಸೆದು, ಮನೆಮಾರುಗಳ ಹಂಗು ತೊರೆದು ಸಂಗಮದತ್ತ ನಡೆಯುತ್ತಾನೆ. ಇನ್ನು ಲಿಂಗವನ್ನು ಅನುಗ್ರಹಿಸುವವನು ಸ್ವಯಂ ಸಂಗಮನಾಥ. ನಂದಿಯ ಮುಖದಿಂದ ಅದು ಬರುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣವೂ ಬೇರೊಂದು ಕಥೆಯನ್ನು ಹೇಳುತ್ತವೆ. ಅಲ್ಲಿ ತಂದೆ ಬದುಕಿದ್ದಾನೆ. ಉಪನಯನಕ್ಕೆ ಸಿದ್ಧತೆ ನಡೆದಿದೆ. ಎಂಟು ವರ್ಷದ ಬಾಲಕನು ತಂದೆಯೊಡನೆ ವಾದಿಸಿ ಆ ಸಂಸ್ಕಾರವನ್ನೇ ನಿರಾಕರಿಸುತ್ತಾನೆ. ಒಂದರಲ್ಲಿ ಧರಿಸಿ ತ್ಯಜಿಸಿದ್ದು, ಇನ್ನೊಂದರಲ್ಲಿ ಧರಿಸಲೇ ಒಪ್ಪದಿದ್ದದ್ದು. ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆಂದು ಬಾಲಕನು ಕೇಳಿದನೆಂಬ, ಇಂದು ವೇದಿಕೆಗಳಲ್ಲಿ ಬಹಳ ಪ್ರಿಯವಾಗಿರುವ ಮಾತು ಹರಿಹರನಲ್ಲಿ ದೊರೆಯುವುದಿಲ್ಲ.

ಹೀಗಿರುವಾಗ 2022ರ ಪುಸ್ತಕದ ತಪ್ಪು ಯಾವುದೆಂಬುದು ಸ್ಪಷ್ಟವಾಗುತ್ತದೆ. ಉಪನಯನವಾಗಿತ್ತೆಂಬ ಸಂಗತಿಗೆ ಹರಿಹರನ ಬೆಂಬಲವುಂಟು. ಆದರೆ ಹರಿಹರನ ಕಥೆಯ ಅರ್ಧವನ್ನು ಮಾತ್ರ ಇಟ್ಟುಕೊಂಡು, ಯಾವ ಅರ್ಧಕ್ಕಾಗಿ ಆತನು ಆ ಭಾಗವನ್ನು ಬರೆದನೋ ಅದನ್ನು ಕೈಬಿಟ್ಟದ್ದು ಅಕ್ಷಮ್ಯ. ಅದೇ ರೀತಿ, ಬಸವಣ್ಣನವರು ಉಪನಯನವನ್ನು ನಿರಾಕರಿಸಿದರು ಎಂದಷ್ಟೇ ಬರೆದರೆ ಭೀಮಕವಿಯ ಪರಂಪರೆಯನ್ನು ಹಿಡಿದು ಹರಿಹರನನ್ನು ಬಿಟ್ಟಂತಾಗುತ್ತದೆ. ಎರಡು ವಾಕ್ಯಗಳೂ ತೂಕದಲ್ಲಿ ಸಮವೆಂದು ಇದರ ಅರ್ಥವಲ್ಲ. ಎರಡನೆಯದು ಬಸವಣ್ಣನವರ ಆಶಯಕ್ಕೆ ನಿಷ್ಠವಾದುದು, ಮೊದಲನೆಯದು ವಿರುದ್ಧವಾದುದು. ಆದರೆ ಓದುವ ಮಗುವಿನ ದೃಷ್ಟಿಯಿಂದ ಎರಡಕ್ಕೂ ಒಂದೇ ಲಕ್ಷಣ: ಯಾರು ಹೇಳಿದರು, ಎಲ್ಲಿ ಹೇಳಿದರು, ಎಷ್ಟು ಕಾಲದ ಮೇಲೆ ಹೇಳಿದರು ಎಂಬುದರ ಸುಳಿವಿಲ್ಲ. ಸಮಿತಿ ಬದಲಾದಾಗ ವಾಕ್ಯ ಬದಲಾಯಿತು, ಮಗು ಹಳೆಯದನ್ನು ಮರೆತು ಹೊಸದನ್ನು ಉರುಹೊಡೆಯಿತು. 2023ರಲ್ಲಿ ಸರಕಾರ ಬದಲಾದ ಮೇಲೆ ಇತರ ಪಾಠಗಳಿಗೂ ಇದೇ ಗತಿಯಾಯಿತು. ಪುಸ್ತಕಗಳು ಆಗಲೇ ಮಕ್ಕಳ ಕೈಸೇರಿದ್ದುದರಿಂದ ತಿದ್ದುಪಡಿಗಳನ್ನು ಪ್ರತ್ಯೇಕ ಕಿರುಹೊತ್ತಿಗೆಯಾಗಿ ಕಳುಹಿಸಬೇಕಾಯಿತು. ಚರಿತ್ರೆಯೆಂದರೆ ಬೆಂಗಳೂರಿನಿಂದ ಬರುವ ಆದೇಶವೆಂದು ಒಬ್ಬ ಬಾಲಕನು ಭಾವಿಸಿದರೆ ಅವನನ್ನು ದೂರುವಂತಿಲ್ಲ.

ಪಾಠದ ಇನ್ನೊಂದು ದೋಷ ಅದನ್ನು ಕೂರಿಸಿರುವ ಚೌಕಟ್ಟಿನದು. ಇದರ ಬಗೆಗೆ ಚರ್ಚೆ ನಡೆದದ್ದು ಇನ್ನೂ ಕಡಮೆ. ಬಸವಣ್ಣನವರನ್ನು ಶಂಕರ, ರಾಮಾನುಜ, ಮಧ್ವರ ಸಾಲಿನಲ್ಲಿ ಮತಪ್ರವರ್ತಕರೆಂದು ಇರಿಸಿ ಕಲಿಸುವುದು ರೂಢಿ. ಕರಿಹಲಗೆಯ ಮೇಲೆ ಒಂದು ಕೋಷ್ಟಕ: ಜನ್ಮಸ್ಥಳ, ತಂದೆ, ತಾಯಿ, ಕೃತಿಗಳು, ತತ್ತ್ವ. ಭಾಷ್ಯ ಬರೆದ ಆಚಾರ್ಯರಿಗೆ ಈ ಕೋಷ್ಟಕ ಒಪ್ಪುತ್ತದೆ. ಬಸವಣ್ಣನವರನ್ನು ಅದರೊಳಗೆ ತುಂಬಿದಾಗ ಅವರ ಸುತ್ತಲಿದ್ದ ಜನರೆಲ್ಲರೂ ಹೊರಗುಳಿಯುತ್ತಾರೆ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಹಡಪದ ಅಪ್ಪಣ್ಣ: ಈ ಹೆಸರುಗಳ ಮುಂದಿರುವ ಕಾಯಕಗಳೇ ಒಂದು ಕಾಲದ ಸಮಾಜದ ವಿವರ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆಯರಂತಹ ದುಡಿಯುವ ಹೆಂಗಸರು ಬರೆದ ಮಾತುಗಳು ಎಂಟು ಶತಮಾನಗಳ ಹಿಂದಿನ ಗದ್ಯವಾಗಿ ಉಳಿದುಬಂದಿರುವುದು ಜಗತ್ತಿನ ಯಾವ ದೇಶದ ಚರಿತ್ರೆಯಲ್ಲಿಯೂ ಸಾಮಾನ್ಯ ಸಂಗತಿಯಲ್ಲ. ವಚನಕಾರ್ತಿಯರ ಸಂಖ್ಯೆ ಮೂವತ್ತನ್ನು ಮೀರುತ್ತದೆ. ಆದರೆ ಕೋಷ್ಟಕದಲ್ಲಿ ಅವರಿಗೆ ಅಂಕಣವಿಲ್ಲ. ಬಸವಣ್ಣನವರೇ ಚೆನ್ನಯ್ಯ ಕಕ್ಕಯ್ಯರ ಮನೆಯವರೆಂದು ತಮ್ಮನ್ನು ಕರೆದುಕೊಂಡು ಹುಟ್ಟಿನ ಕುಲವನ್ನು ಅಲ್ಲಗಳೆದಿರುವಾಗ, ಪರೀಕ್ಷೆಯು ಮಗುವಿನಿಂದ ಮೊದಲು ಬಯಸುವುದು ಅವರ ತಂದೆತಾಯಿಗಳ ಹೆಸರು!

ಇಷ್ಟಾಗಿಯೂ ಆ ಹೆಸರುಗಳನ್ನಾದರೂ ಸಾಕ್ಷ್ಯದೊಡನೆ ಕಲಿಸುತ್ತಾರೆಯೇ? 1260ರ ಅರ್ಜುನವಾಡ ಶಾಸನವು ಬಸವರಾಜನನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೇಳುತ್ತದೆ. ಕಾವ್ಯ ಪುರಾಣಗಳ ಹೊರಗೆ ಕಲ್ಲಿನ ಮೇಲೆ ದೊರೆತ ಆಧಾರವಿದು. ಒಂದು ಶಾಸನದ ಛಾಯಾಚಿತ್ರ, ಅದರ ಕೆಳಗೆ ಎರಡು ಸಾಲಿನ ವಿವರಣೆ ಇದ್ದರೆ ಶಾಸನಶಾಸ್ತ್ರವೇನೆಂಬುದನ್ನು ಬೇರೆ ಅಧ್ಯಾಯದಲ್ಲಿ ಬೋಧಿಸುವ ಪ್ರಯಾಸ ತಪ್ಪುತ್ತಿತ್ತು.

ಹದಿನಾಲ್ಕರ ಮಕ್ಕಳಿಗೆ ಆಕರ, ಪಾಠಾಂತರ, ಶಾಸನವೆಂದರೆ ಹೊರೆಯಾಗದೇ ಎಂದು ಕೇಳುವವರುಂಟು. ಈ ಸಂದೇಹಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಚಿತ್ರದುರ್ಗ ದಾವಣಗೆರೆಗಳ ನಡುವೆ ಹೆದ್ದಾರಿಯ ಮೇಲಿರುವ ಭರಮಸಾಗರವನ್ನೇ ತೆಗೆದುಕೊಳ್ಳಬಹುದು. ಊರಿನ ಹೆಸರೇ ಚರಿತ್ರೆ. 1689ರಿಂದ 1721ರವರೆಗೆ ದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣ ನಾಯಕನು ಕಟ್ಟಿಸಿದ ಕೆರೆಯಿಂದ ಅದು ಬಂದಿದೆ. ಚಿತ್ರದುರ್ಗವೆಂದೊಡನೆ ಮಕ್ಕಳ ಬಾಯಲ್ಲಿ ಬರುವ ಹೆಸರುಗಳು ಮದಕರಿ ನಾಯಕ ಮತ್ತು ಓಬವ್ವ. ಯುದ್ಧ ಮಾಡಿದವರು ನೆನಪಿನಲ್ಲಿ ಉಳಿದರು, ಕೆರೆ ಕಟ್ಟಿಸಿದವನು ಊರಿನ ಹೆಸರಿನಲ್ಲಿ ಅಡಗಿಹೋದನು. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಆ ದೊಡ್ಡ ಕೆರೆ ಬಹುಕಾಲ ಒಣಗಿ ನಿಂತಿತ್ತು. 2021ರಲ್ಲಿ ಏತ ನೀರಾವರಿಯ ಮೂಲಕ ಹರಿಹರದ ಬಳಿಯಿಂದ ತುಂಗಭದ್ರೆಯ ನೀರು ಅದಕ್ಕೆ ಹರಿದು ಬಂದಿತು. ಸಮೀಪದ ಸಿರಿಗೆರೆಯ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳ ಒತ್ತಾಸೆ ಅದರ ಹಿಂದೆ ಇತ್ತೆಂಬುದು ಆ ಭಾಗದ ರೈತರಿಗೆಲ್ಲ ತಿಳಿದ ಸಂಗತಿ.

ಈ ಒಂದು ಕೆರೆಯಲ್ಲಿ ಎಷ್ಟು ಶಾಸ್ತ್ರಗಳಿವೆ! ಕಟ್ಟಿಸಿದವನನ್ನು ಕೇಳಿದರೆ ಇತಿಹಾಸ. ಏಕೆ ಒಣಗಿತೆಂದರೆ ಭೂಗೋಳ. ಯಾರ ಹಣದಿಂದ, ಯಾವ ಸಭೆಯ ತೀರ್ಮಾನದಿಂದ ನೀರು ಬಂದಿತೆಂದರೆ ರಾಜ್ಯಶಾಸ್ತ್ರ. ನೀರು ಬಂದ ಮೇಲೆ ಬೆಳೆಯೂ ಭೂಮಿಯ ಬೆಲೆಯೂ ಏನಾದವೆಂದರೆ ಅರ್ಥಶಾಸ್ತ್ರ. ಕೆರೆಯ ನೀರು ಯಾವ ಕೇರಿಗೆ ಮೊದಲು, ಯಾವುದಕ್ಕೆ ಕಡೆಗೆ ಎಂದರೆ ಸಮಾಜಶಾಸ್ತ್ರ. ಪ್ರೌಢಶಾಲೆಯ ಪುಸ್ತಕವು ಇವನ್ನು ವ್ಯವಹಾರ ಅಧ್ಯಯನವೂ ಸೇರಿ ಆರು ಭಾಗಗಳಾಗಿ ಒಡೆದು, ಒಂದರ ಮುಖ ಇನ್ನೊಂದು ನೋಡದಂತೆ ಮುದ್ರಿಸಿದೆ. ಏರಿಯ ಮೇಲೆ ನಡೆದು ಶಾಲೆಗೆ ಬರುವ ಮಗುವಿಗೆ ತನ್ನ ಕೆರೆ ಪಾಠದೊಳಗಿನ ವಿಷಯವೆಂದು ಹೊಳೆಯುವುದೇ ಇಲ್ಲ. ಅಜ್ಜನು ಕೆರೆಯ ಬಗೆಗೆ ಒಂದು ಹೇಳುತ್ತಾನೆ, ಗ್ರಾಮದ ಹಿರಿಯರು ಇನ್ನೊಂದು ಹೇಳುತ್ತಾರೆ, ಎಂ.ಎಸ್. ಪುಟ್ಟಣ್ಣನವರ ಚಿತ್ರದುರ್ಗದ ಪಾಳಯಗಾರರನ್ನು ಕುರಿತ ಪುಸ್ತಕವನ್ನು ತೆರೆದರೆ ನಾಯಕರ ಚರಿತ್ರೆ ಮತ್ತೊಂದು ಬಗೆಯಾಗಿ ಕಾಣುತ್ತದೆ. ಈ ಹೇಳಿಕೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ತೂಗಲು ಬಲ್ಲ ಮಗುವಿಗೆ ಹರಿಹರ ಭೀಮಕವಿಗಳನ್ನು ತೂಗುವುದು ಹೊರೆಯಾಗದು. ಹೊರೆಯಾಗುವುದು ಆಧಾರವಿಲ್ಲದ ಉತ್ತರವನ್ನು ನೆನಪಿನಲ್ಲಿ ಹೊತ್ತು ತಿರುಗುವ ಕೆಲಸ.

ಕನ್ನಡ ಭಾಷೆಯ ಪುಸ್ತಕದಲ್ಲಿ ವಚನಗಳಿವೆಯಲ್ಲಾ ಎಂದು ಸಮಾಧಾನ ಹೇಳಬಹುದು. ಇವೆ, ನಿಜ. ಅಲ್ಲಿ ಅವು ಕಂಠಪಾಠದ ಪದ್ಯಗಳು. ಭಾವಾರ್ಥ, ವಿರುದ್ಧಪದ, ಸಂಧಿಗಳಿಗೆ ಉದಾಹರಣೆಗಳು. ಕನ್ನಡದ ಅವಧಿ ಮುಗಿದು ಸಮಾಜವಿಜ್ಞಾನದ ಅವಧಿ ಬಂದಾಗ ಅದೇ ಬಸವಣ್ಣನವರು ಇನ್ನೊಬ್ಬ ವ್ಯಕ್ತಿಯಾಗಿ ಬರುತ್ತಾರೆ, ವಚನವನ್ನು ಬಿಟ್ಟು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೋಡಿರಿ. ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವಳು ಅದನ್ನು ಹಿಂದಿರುಗಿಸಿ ಬರುವಂತೆ ಹೇಳುತ್ತಾಳೆ. ಭಾಷಾಪಾಠದಲ್ಲಿ ಇದು ಭಕ್ತಿಯ ಕಥೆ. ಉತ್ಪಾದನೆ, ಹಂಚಿಕೆ, ಸಂಗ್ರಹಗಳ ಅರ್ಥಶಾಸ್ತ್ರವನ್ನು ಕಲಿಯುವ ಅದೇ ಮಗುವಿಗೆ ಇದು ಒಂದು ಆರ್ಥಿಕ ವಿಚಾರವೂ ಹೌದೆಂದು, ಅದನ್ನು ಒಪ್ಪಬಹುದು ಅಥವಾ ಪ್ರಶ್ನಿಸಬಹುದೆಂದು ಹೇಳುವವರಿಲ್ಲ. ಉಳಿತಾಯವಿಲ್ಲದೆ ಬರಗಾಲವನ್ನು ಎದುರಿಸುವುದು ಹೇಗೆಂದು ಭರಮಸಾಗರದ ರೈತನ ಮಗಳೊಬ್ಬಳು ಕೇಳಿದರೆ ಅದು ಲಕ್ಕಮ್ಮನಿಗೆ ಅಗೌರವವಲ್ಲ; ಲಕ್ಕಮ್ಮನು ನಡೆಸಿದ ಚರ್ಚೆಗೆ ಅವಳು ಸೇರಿದಂತೆ.

ಮಠಗಳೂ ಭಾಷಣಕಾರರೂ ಈ ವಿಷಯದಲ್ಲಿ ತಮ್ಮ ಹೊಣೆಯನ್ನು ನೋಡಿಕೊಳ್ಳಬೇಕಾಗಿದೆ. ಅನುಭವ ಮಂಟಪವು ಜಗತ್ತಿನ ಪ್ರಥಮ ಸಂಸತ್ತೆಂಬ ಮಾತನ್ನು ಮಕ್ಕಳು ವೇದಿಕೆಗಳಿಂದ ಕೇಳಿ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಶರಣರ ಗೋಷ್ಠಿಯ ವಿಸ್ತಾರವಾದ ಚಿತ್ರ ನಮಗೆ ಸಿಗುವುದು ಮುಖ್ಯವಾಗಿ 15ನೆಯ ಶತಮಾನದಿಂದ ಮೊದಲಾಗುವ ಶೂನ್ಯಸಂಪಾದನೆಗಳಲ್ಲಿ. ಕುಲಭೇದವಿಲ್ಲದೆ ಗಂಡು ಹೆಣ್ಣುಗಳು ಕುಳಿತು ವಾದಿಸಿದರೆಂಬ ಸಂಗತಿಗೆ ಸಂಸತ್ತಿನ ಬಿರುದು ತೊಡಿಸದಿದ್ದರೂ ಅದರ ಮಹತ್ತ್ವ ಕುಂದುವುದಿಲ್ಲ. ಬಿರುದು ತೊಡಿಸಿದಾಗ ಮಗು ಸಂಸತ್ತನ್ನೂ ತಪ್ಪು ತಿಳಿಯುತ್ತದೆ, ಗೋಷ್ಠಿಯನ್ನೂ ತಪ್ಪು ತಿಳಿಯುತ್ತದೆ. 2024ರಲ್ಲಿ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ್ದು ಸಂತೋಷದ ವಿಷಯ. ಆದರೆ ಭಾವಚಿತ್ರವನ್ನು ಗೋಡೆಗೆ ಹಾಕುವುದು ಸುಲಭ, ಪಾಠವನ್ನು ಬರೆಯುವುದು ಕಷ್ಟ.

ಕೊನೆಗೆ ಎಲ್ಲವೂ ಪರೀಕ್ಷೆಯ ಬಳಿಗೆ ಬಂದು ನಿಲ್ಲುತ್ತದೆ. ಹತ್ತನೆಯ ತರಗತಿಯಲ್ಲಿ ಸಮಾಜವಿಜ್ಞಾನಕ್ಕೆ 100 ಅಂಕಗಳು. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಎಂಬತ್ತರಲ್ಲಿ ಉರುಹೊಡೆದ ಉತ್ತರಕ್ಕೆ ಪ್ರಾಶಸ್ತ್ಯವಿರುವುದು ಇಂದಿಗೆ ಅನಿವಾರ್ಯವೆಂದು ಒಪ್ಪೋಣ. ಆ ಇಪ್ಪತ್ತು ಅಂಕಗಳಾದರೂ ಇವೆಯಷ್ಟೆ. ಪುಸ್ತಕದ ಅಂಗಡಿಯಲ್ಲಿ ಕೊಂಡ ಚಿತ್ರಗಳನ್ನು ಹಾಳೆಗೆ ಅಂಟಿಸಿ ತಂದ ಯೋಜನಾಕಾರ್ಯಕ್ಕೆ ಅವನ್ನು ಹಂಚಿಬಿಡುವ ಬದಲು, ಇಂತಹ ಎರಡು ಆಕರಗಳನ್ನು ಓದಿ ಬರೆದ ಒಂದು ಪುಟಕ್ಕೆ ಕೊಡಬಹುದು. ಒಂಬತ್ತನೆಯ ತರಗತಿಯಲ್ಲಿಯೇ ಇದರ ಅಭ್ಯಾಸ ಮೊದಲಾಗಬಹುದು. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಹೊರತಂದಾಗ ಓಲೆಗರಿಗಳಿಗಾಗಿ ಊರೂರು ಅಲೆಯಬೇಕಾಗಿತ್ತು. ಇಂದು ಸಾವಿರಾರು ವಚನಗಳನ್ನು ಸಿರಿಗೆರೆಯ ಬೃಹನ್ಮಠವು ಗಣಕಯಂತ್ರಕ್ಕೆ ಅಳವಡಿಸಿದೆ. ಕಾಯಕವೆಂಬ ಶಬ್ದವು ಯಾವ ಯಾವ ಶರಣರಲ್ಲಿ ಬರುತ್ತದೆಂದು ಮೊಬೈಲಿನಲ್ಲಿಯೇ ಹುಡುಕಬಹುದು. ಭರಮಸಾಗರದ ಒಂದು ತರಗತಿಯ ಮಕ್ಕಳು ಎರಡು ಅವಧಿಗಳಲ್ಲಿ ಆ ಪಟ್ಟಿಯನ್ನು ಸಿದ್ಧಪಡಿಸಿ, ಅದರಲ್ಲಿ ಹೆಂಗಸರೆಷ್ಟು ಮಂದಿ, ಯಾವ ಕಸುಬಿನವರೆಷ್ಟು ಮಂದಿ ಎಂದು ಎಣಿಸಬಲ್ಲರು. ಹರಿಹರನ ರಗಳೆಯಿಂದ ಜನಿವಾರ ತ್ಯಾಗದ ಭಾಗವೊಂದು, ಭೀಮಕವಿಯಿಂದ ತಂದೆಮಕ್ಕಳ ವಾದದ ಭಾಗವೊಂದು, ಹೊಸಗನ್ನಡದ ಅರ್ಥದೊಡನೆ ಪುಸ್ತಕದ ಒಂದೇ ಪುಟದಲ್ಲಿ ಎದುರುಬದುರಾಗಿ ಮುದ್ರಿಸಲು ಸ್ಥಳ ಸಾಲದೆಂದು ಯಾವ ಸಮಿತಿಯೂ ಹೇಳಲಾರದು.