ಕಿವಿಗೊಟ್ಟು ನೋಡಬೇಕಾದ ‘ಜಾಸ್’

1975ರ ಜೂನ್ 20ರಂದು ಅಮೆರಿಕದಲ್ಲಿ ತೆರೆಕಂಡ ‘ಜಾಸ್’ ಚಿತ್ರಕ್ಕೆ ಅರ್ಧ ಶತಮಾನ ಕಳೆದ ಮೇಲೂ ಹೊಸ ಅಭಿಮಾನಿಗಳು ಹುಟ್ಟುತ್ತಲೇ ಇದ್ದಾರೆ. ಹಳೆಯ ಅಭಿಮಾನಿಗಳಂತೂ ಪ್ರತಿ ದೃಶ್ಯವನ್ನೂ ಬಾಯಿಪಾಠ ಮಾಡಿಕೊಂಡವರು. ಆದರೆ ಮೊದಲ ಸಲ ನೋಡಲು ಕೂರುವವರಲ್ಲಿ ಬಹಳಷ್ಟು ಮಂದಿ ಶಾರ್ಕ್ ಯಾವಾಗ ಬರುತ್ತದೆ ಎಂದು ಕಾಯುವುದರಲ್ಲೇ ಹೊತ್ತು ಕಳೆಯುತ್ತಾರೆ. ಅದು ಸರಿಯಾಗಿ ಮುಖ ತೋರಿಸುವುದು ಚಿತ್ರ ಒಂದು ಗಂಟೆ ಇಪ್ಪತ್ತು ನಿಮಿಷ ಓಡಿದ ಮೇಲೆ. ಅಷ್ಟರೊಳಗೆ ಇವರ ಕೈಗೆ ಮೊಬೈಲ್ ಬಂದಿರುತ್ತದೆ. ನಿಮಿಷಕ್ಕೊಮ್ಮೆ ಬಾಯಿ ತೆರೆಯುವ ಕಂಪ್ಯೂಟರ್ ಶಾರ್ಕುಗಳ ಚಿತ್ರಗಳು ಪ್ರೇಕ್ಷಕರ ಅಭಿರುಚಿಯನ್ನು ಎಷ್ಟು ಕೆಡಿಸಿವೆಯೆಂದರೆ, ಕಾಯಿಸುವುದನ್ನೇ ಈಗ ದೋಷವೆಂದು ಎಣಿಸುತ್ತಾರೆ. ಅಂಥವರಿಗೆ ಹೇಳಬೇಕಾದದ್ದು ಇಷ್ಟು: ಶಾರ್ಕನ್ನು ಹುಡುಕುವುದು ಬಿಡಿ, ಸದ್ದನ್ನು ಹಿಂಬಾಲಿಸಿ.

ಜಾನ್ ವಿಲಿಯಮ್ಸ್ ಸಂಗೀತದ ಆ ಎರಡು ಸ್ವರಗಳನ್ನು ಚಿತ್ರ ನೋಡದವರೂ ಗುನುಗುತ್ತಾರೆ. ಜಾಹೀರಾತು, ಹಾಸ್ಯ ಕಾರ್ಯಕ್ರಮ, ಮಕ್ಕಳ ಆಟ ಎಲ್ಲ ಕಡೆಯೂ ಬಳಸಿ ಬಳಸಿ ಅದನ್ನು ಸವೆಸಿಬಿಟ್ಟಿದ್ದಾರೆ. ಚಿತ್ರದೊಳಗೆ ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಪಕ್ಕಪಕ್ಕದ ಎರಡೇ ಸ್ವರ, ಮಂದ್ರದಲ್ಲಿ, ಮೊದಲು ನಿಧಾನಕ್ಕೆ, ನಡುವೆ ಉಸಿರಿನಷ್ಟು ಬಿಡುವು ಕೊಟ್ಟು. ಶಾರ್ಕ್ ಹತ್ತಿರವಾದಂತೆ ಬಿಡುವು ಕುಗ್ಗುತ್ತದೆ, ಲಯ ಏರುತ್ತದೆ. ನೀರಿನಡಿಯಿಂದ ಈಜುವವರ ಕಾಲುಗಳತ್ತ ಕ್ಯಾಮೆರಾ ಸಾಗುವಾಗ ದೂರವನ್ನು ಅಳೆದು ಹೇಳುವುದು ಈ ಲಯವೇ. ಹೀಗೆ ಎರಡು ಮೂರು ದಾಳಿಗಳಾಗುವಷ್ಟರಲ್ಲಿ, ಸಂಗೀತ ಬಂದರೆ ಶಾರ್ಕ್ ಬಂದಿದೆ ಎಂಬ ಒಪ್ಪಂದವೊಂದು ಚಿತ್ರಕ್ಕೂ ಪ್ರೇಕ್ಷಕನಿಗೂ ನಡುವೆ ಏರ್ಪಟ್ಟಿರುತ್ತದೆ.

ಈಗ ಜುಲೈ 4ರ ಕಡಲತೀರದ ದೃಶ್ಯವನ್ನು ನೋಡಿ. ನೀರಿನ ಮೇಲೆ ರೆಕ್ಕೆ ಕಾಣುತ್ತದೆ, ಜನ ಒಬ್ಬರನ್ನೊಬ್ಬರು ತುಳಿದುಕೊಂಡು ದಡಕ್ಕೆ ಓಡುತ್ತಾರೆ, ಕಾವಲು ದೋಣಿಗಳವರು ಬಂದೂಕು ಎತ್ತುತ್ತಾರೆ. ಆ ಎರಡು ಸ್ವರಗಳು ಮಾತ್ರ ಕೇಳುವುದಿಲ್ಲ. ರೆಕ್ಕೆ ರಟ್ಟಿನದು, ಅಡಿಯಲ್ಲಿರುವವರು ಇಬ್ಬರು ತುಂಟ ಹುಡುಗರು. ಕಣ್ಣಿಗೆ ಮೋಸ ಮಾಡಿದ ಚಿತ್ರ ಕಿವಿಗೆ ಸುಳ್ಳು ಹೇಳಲಿಲ್ಲ. ಈ ಪ್ರಾಮಾಣಿಕತೆಯನ್ನು ಗುರುತಿಸಿದವರಿಗೇ ಮುಂದಿನ ಪೆಟ್ಟು ಪೂರ್ತಿ ತಗಲುವುದು. ಶಾರ್ಕ್ ಬೇಟೆಗೆ ಹೊರಟ ‘ಓರ್ಕಾ’ ದೋಣಿಯಲ್ಲಿ ಪೊಲೀಸ್ ಮುಖ್ಯಸ್ಥ ಬ್ರೋಡಿ, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ತನಗೆ ವಹಿಸಿದ ಕೆಲಸಕ್ಕೆ ಗೊಣಗುತ್ತ ಮೀನಿನ ಚೂರುಗಳನ್ನು ನೀರಿಗೆ ಎಸೆಯುತ್ತಿದ್ದಾನೆ. ಮುಖ ಅತ್ತ ತಿರುಗಿದೆ. ದೃಶ್ಯ ಹೆಚ್ಚುಕಮ್ಮಿ ಹಾಸ್ಯದ್ದು. ಯಾವ ಮುನ್ಸೂಚನೆಯೂ ಇಲ್ಲದೆ ಅವನ ಬೆನ್ನ ಹಿಂದೆ ಆ ದೊಡ್ಡ ತಲೆ ಮೇಲೇಳುತ್ತದೆ. ಬ್ರೋಡಿ ಸೆಟೆದು ನಿಂತು, ಹಿಂದಡಿ ಇಡುತ್ತ ಕ್ಯಾಬಿನ್ನಿಗೆ ಬರುತ್ತಾನೆ. ಒಂದು ಗಂಟೆಗೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದ ಮಾತನ್ನು ಚಿತ್ರ ಅಲ್ಲಿ ಮುರಿಯಿತು. ಇನ್ನು ಮೌನವೂ ಸುರಕ್ಷಿತವಲ್ಲ.

ಇದೆಲ್ಲ ಅದೃಷ್ಟ, ಯಂತ್ರದ ಶಾರ್ಕ್ ಕೈಕೊಟ್ಟದ್ದರಿಂದ ತಾನಾಗಿ ಆದದ್ದು ಎನ್ನುವವರಿದ್ದಾರೆ. ಯಂತ್ರ ಕೈಕೊಟ್ಟದ್ದು ನಿಜ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಉಪ್ಪುನೀರಿಗೆ ಅದು ಪದೇ ಪದೇ ಕೆಟ್ಟು, 55 ದಿನದ ಚಿತ್ರೀಕರಣ 159 ದಿನಕ್ಕೆ ಎಳೆಯಿತು. ಆದರೆ ಕೆಟ್ಟ ಯಂತ್ರ ಜಾಗ ಖಾಲಿ ಮಾಡಬಲ್ಲದು, ತುಂಬಲಾರದು. ತುಂಬಿದವರು ಮನುಷ್ಯರು. ಛಾಯಾಗ್ರಾಹಕ ಬಿಲ್ ಬಟ್ಲರ್ ನೀರಿನ ಮಟ್ಟಕ್ಕೇ ಕ್ಯಾಮೆರಾ ಇಳಿಸಿ, ಅಲೆ ಮಸೂರಕ್ಕೆ ಬಡಿಯುವಂತೆ ನೋಡುಗನನ್ನೂ ಕಡಲಿಗಿಳಿಸಿದರು. ಸಂಕಲನಕಾರ್ತಿ ವರ್ನಾ ಫೀಲ್ಡ್ಸ್, ಬ್ರೋಡಿ ಕಡಲತೀರದಲ್ಲಿ ಕೂತು ನೋಡುವ ದೃಶ್ಯದಲ್ಲಿ, ಕ್ಯಾಮೆರಾಕ್ಕೆ ಅಡ್ಡ ಹಾಯುವವರ ಮೈಗಳನ್ನೇ ಕತ್ತರಿಯಾಗಿ ಬಳಸಿ ಅವನ ಹತ್ತಿರ ಹತ್ತಿರಕ್ಕೆ ನಮ್ಮನ್ನು ಒಯ್ದರು. ಆ ಹೊತ್ತಿಗೆ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಮೂವತ್ತೂ ತುಂಬಿರಲಿಲ್ಲ. ರಾಕ್ಷಸನನ್ನು ಕತ್ತಲಲ್ಲಿಟ್ಟ ಚಿತ್ರಗಳಿಗೆ ಬರವಿಲ್ಲ. ಬರೀ ಮರೆಮಾಚುವುದರಿಂದಲೇ ಭಯ ಹುಟ್ಟುವುದಾಗಿದ್ದರೆ ಅವೆಲ್ಲವೂ ಹೀಗೇ ಉಳಿಯಬೇಕಿತ್ತು.

ಕೊನೆಯಲ್ಲಿ ಶಾರ್ಕ್ ರಬ್ಬರಿನದೆಂದು ಗೊತ್ತಾಗುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಗೊತ್ತಾಗುತ್ತದೆ. ಆದರೆ ಆ ಹೊತ್ತಿಗೆ ಭಯ ರಬ್ಬರನ್ನು ಬಿಟ್ಟು ಶಾರ್ಕ್ ಬೇಟೆಗಾರ ಕ್ವಿಂಟ್‌ನ ಮೈಗೆ ಸೇರಿರುತ್ತದೆ. ರಾತ್ರಿ ದೋಣಿಯ ಮೇಜಿನ ಸುತ್ತ ಬ್ರೋಡಿ, ಕ್ವಿಂಟ್, ಸಾಗರ ವಿಜ್ಞಾನಿ ಹೂಪರ್ ಮೂವರೂ ಕುಡಿದು, ಗಾಯದ ಗುರುತು ತೋರಿಸಿಕೊಂಡು ನಗುತ್ತಿರುವಾಗ ಮಾತು ಕ್ವಿಂಟ್ ಹಿಂದೊಮ್ಮೆ ಇದ್ದ ‘ಇಂಡಿಯಾನಾಪೊಲಿಸ್’ ಹಡಗಿನತ್ತ ಹೊರಳುತ್ತದೆ. ಹಿರೋಷಿಮಾ ಬಾಂಬಿನ ಭಾಗಗಳನ್ನು ಟಿನಿಯನ್ ದ್ವೀಪಕ್ಕೆ ಮುಟ್ಟಿಸಿದ ಮೇಲೆ, 1945ರ ಜುಲೈ 30ರಂದು ಜಪಾನಿ ಜಲಾಂತರ್ಗಾಮಿಯ ದಾಳಿಗೆ ಮುಳುಗಿದ ನಿಜವಾದ ಹಡಗು ಅದು. ಸುಮಾರು 1,200 ಜನರಲ್ಲಿ ಬದುಕಿ ಬಂದವರು 316. ಕ್ವಿಂಟ್ ಪಾತ್ರದ ರಾಬರ್ಟ್ ಶಾ ದನಿ ಎತ್ತುವುದಿಲ್ಲ, ಹಿಂದಿನದನ್ನು ತೋರಿಸುವ ಒಂದು ಚೌಕಟ್ಟೂ ಇಲ್ಲ. ಹೂಪರ್‌ನ ನಗು ಮುಖದಲ್ಲೇ ಆರುವುದನ್ನು ನೋಡಿ. ಶಾರ್ಕುಗಳ ನಡುವೆ ತೇಲಿದವರ ಆ ಕಥೆಯನ್ನು ಕಿವಿಗೊಟ್ಟು ಕೇಳಿದವರು, ಕ್ವಿಂಟ್ ದೋಣಿಯ ಇಳಿಜಾರಿನಲ್ಲಿ ಜಾರತೊಡಗಿದಾಗ ರಬ್ಬರನ್ನು ಗಮನಿಸುವುದಿಲ್ಲ. ಇನ್ನು ಶಾರ್ಕ್ ಕುಲಕ್ಕೇ ಈ ಚಿತ್ರ ಕೆಟ್ಟ ಹೆಸರು ತಂದಿತೆಂಬ ದೂರು ನ್ಯಾಯವಾದದ್ದು. ಚಿತ್ರದ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಮುಂದೆ ಸಾಗರ ಸಂರಕ್ಷಣೆಗೆ ದುಡಿದರು. ಆದರೆ ಚಿತ್ರ ತೀರ್ಪು ಕೊಡುವುದು ಮೀನಿನ ಮೇಲಲ್ಲ. ಪ್ರವಾಸಿಗರ ದುಡ್ಡು ತಪ್ಪೀತೆಂದು ಕಡಲತೀರ ಮುಚ್ಚಲು ಒಪ್ಪದ ಮೇಯರ್ ಮೇಲೆ. ಮಗನನ್ನು ಕಳೆದುಕೊಂಡ ತಾಯಿ ಬ್ರೋಡಿಯ ಕೆನ್ನೆಗೆ ಬಾರಿಸಿದಾಗ ಆ ಏಟು ನಿಜಕ್ಕೂ ಯಾರಿಗೆ ಸಲ್ಲಬೇಕಿತ್ತೆಂದು ಪಕ್ಕದಲ್ಲೇ ನಿಂತ ಮೇಯರ್‌ಗೂ ಗೊತ್ತು.

ಕಡೆಗೊಂದು ಸಲಹೆ. ಡಿಸ್ಕ್‌ನಲ್ಲಿ ಮೂಲ ಮೊನೊ ಧ್ವನಿಯಿದ್ದರೆ ಅದನ್ನೇ ಆರಿಸಿ. ಸುತ್ತಲಿನ ಸ್ಪೀಕರುಗಳಿಗೆಂದು ಆಮೇಲೆ ಹಿಗ್ಗಿಸಿದ ಧ್ವನಿ ಅಬ್ಬರಿಸುತ್ತದೆ, ಮೌನಗಳನ್ನು ತುಂಬಿಬಿಡುತ್ತದೆ. ಸಂಕಲನ, ಸಂಗೀತಗಳ ಜೊತೆ ಧ್ವನಿಗೂ ಆಸ್ಕರ್ ಬಂದದ್ದು ಆ ಮೊನೊ ರೂಪಕ್ಕೆ.